ಗುಡ್ ಬಾಯಿ

ಗದಗಿನ ಕಾನ್ವೆಂಟಿನಲ್ಲಿ ನಮಗೆ ಎ ಬಿ ಸಿ ಕಲಿಸಿದ ಟೀಚರನ್ನು ಊರ ರೂಢಿಯಂತೆ 'ಬಾಯಿ' ಎನ್ನುತ್ತಿದ್ದೆವು. ಕ್ಲಾಸಿನಲ್ಲಿ ಇಂಗ್ಲಿಷ್ ಓನ್ಲಿ. ಆದರೂ ಬಾಯಿ ಚಿತ್ರ ತೋರಿಸಿ, ಸೆರಗಿಗೆ ಕೈ ಒರೆಸುತ್ತ, "ಮೊದಲ ನಿಮ್ಮನಿ ಮಾತಿನಾಗ ಹೇಳವ್ವಾ, ಇಂಗ್ಲಿಷ್ ಹಿಂದಿಂದ ಬರತೈತಿ" ಎನ್ನುವರು.

ನಾನು ಹಮ್ಮಿಗಿ ಹಳ್ಳಿಯವಳು, ತುಟಿಯೇ ಬಿಚ್ಚುತ್ತಿರಲಿಲ್ಲ. ಇಂಗ್ಲಿಷ್ ಆಡದಿದ್ದರೆ ನನ್ನನ್ನು ಊರಿಗೆ ಕಳಿಸುವುದೆಂದು ತೀರ್ಮಾನಿಸಿ ಹೆಡ್ ಸಿಸ್ಟರ್ ಪರೀಕ್ಷಿಸಲು ಬಂದರು. ಬಾಯಿಯತ್ತ ಬೆರಳು ತೋರಿಸಿ, "ಹೂ ಈಸ್ ಶೀ?" ಎಂದರು.

"ಗುಡ್ ಬಾಯಿ!" ಎಂದೆ.

"ಗುಡ್ ಬೈ? ಬಟ್ ಐ ಜಸ್ಟ್ ಕೇಮ್!"

"ಏ ಹುಚ್ಚಿ, ಸಿಸ್ಟರ್‌ಗ ಹೋಗ್ರಿ ಅಂತೀಯೇನ?" ಎಂದು ಪಕ್ಕದವಳು ಚಿವುಟಿದಳು.

ಕ್ಲಾಸೆಲ್ಲ ನಕ್ಕಿತು; ಬಾಯಿ ಮಾತ್ರ ನಗಲಿಲ್ಲ. "ಹಂಗಲ್ರಿ ಸಿಸ್ಟರ್. ಗುಡ್ ಅಂದ್ರ ಚಲೋ, ಬಾಯಿ ಅಂದ್ರ ನಾನು. ಎರಡೂ ತಾನ ಜೋಡಿಸ್ಯಾಳ."

ಸಿಸ್ಟರ್ ನಕ್ಕರು. ನಾನು ಶಾಲೆಯಲ್ಲಿ ಉಳಿದೆ.

ಏಕೀಕರಣದ ವರ್ಷ ಯಜಮಾನರಿಗೆ ವರ್ಗವಾಗಿ ಬಾಯಿ ಪುಣೆಗೆ ಹೊರಟರು. ಅಷ್ಟರಲ್ಲಿ ನನ್ನ ಇಂಗ್ಲಿಷ್ ಫ್ಲೂಯೆಂಟ್ ಆಗಿತ್ತು. ಸ್ಟೇಷನ್ನಿನಲ್ಲಿ ಎಲ್ಲರೂ "ಗುಡ್ ಬೈ, ಟೀಚರ್" ಎಂದರು. ನಾನು "ಗುಡ್ ಬಾಯಿ" ಎಂದೆ.

ಕಿಟಕಿಯಲ್ಲಿ ಬಾಯಿ ಸೆರಗಿಗೆ ಕೈ ಒರೆಸಿಕೊಂಡರು. "ಯಾವ ಮಾತಿನಾಗ ಹೇಳಿದೆವ್ವಾ?"

"ಮೊದಲ ನಮ್ಮನಿ ಮಾತಿನಾಗ್ರಿ."

ಇಂಗ್ಲಿಷಿನ 'ಗುಡ್ ಬೈ' ಗಾಡಿ ಹೋದ ಮೇಲೆ ಬಂತು.