ಮುರಿಯಲು ಹಣ ಕೇಳಿದ ಮೇಡಂ

ನಮ್ಮ ಭೌತವಿಜ್ಞಾನದ ಮೇಡಂ ಪ್ರಯೋಗಾಲಯಕ್ಕೆ ಕಾಲಿಟ್ಟ ಕೂಡಲೇ ಎರಡೂ ಕೈಯ ಹಸಿರು ಬಳೆಗಳನ್ನು ಮೊಣಕೈವರೆಗೆ ಸರಿಸಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಬಲಗೈಯ ತೋರುಬೆರಳಿನ ತುದಿಯಲ್ಲಿ ಬೆಸುಗೆ ಹಾಕುವಾಗ ಸುಟ್ಟ ಕಂದು ಕಲೆ. ಆ ಬೆರಳು ನನ್ನ ಕಡೆ ತಿರುಗಿತೆಂದರೆ ಅಂದಿನ ನನ್ನ ನಾಟಕ ಬಂದ್.

ನಾಟಕವೆಂದರೆ ಅಣಕು. ಸೇಡಂನ ಆ ಎಂಎಸ್ಸಿ ತರಗತಿಯಲ್ಲಿ ಪ್ರಾಚಾರ್ಯರ ಕೆಮ್ಮು, ವಾಡಿ ಜಂಕ್ಷನ್ನಿನ ಪ್ರಕಟಣೆ, ಚಿಂಚೋಳಿ ಬಸ್ಸಿನ ಗೇರು ಎಲ್ಲವೂ ನನ್ನ ಬಾಯಲ್ಲಿದ್ದವು. ಪಾಠವೊಂದು ಬಿಟ್ಟು. ಮೇಡಂ ದನಿಯನ್ನೂ ಬಿಟ್ಟವನಲ್ಲ. ಒಮ್ಮೆ ಅವರು ಬೆನ್ನ ಹಿಂದೆಯೇ ನಿಂತು ಪೂರ್ತಿ ಕೇಳಿ, "ಮೂಗಿಲಿಂದ ಭಾಳ ಮಾತಾಡಾಕತ್ತಿ. ನಂದು ಅಷ್ಟು ಮೂಗು ಇಲ್ಲೋ ತಮ್ಮಾ" ಎಂದು ತಿದ್ದಿದ್ದರು.

ಅವರದು ಒಂದೇ ಹಟ: ಉಪಗ್ರಹದ ಬಗ್ಗೆ ಓದುವವರು ಉಪಗ್ರಹದ ಸಂಕೇತವನ್ನು ತಾವೇ ಹಿಡಿಯಬೇಕು. ನಮ್ಮಲ್ಲಿ ಹೊಸ ಉಪಕರಣ ಬಂದರೆ ಕುಂಕುಮ ಹಚ್ಚಿ, ಗಾಜಿನ ಕಪಾಟಿನಲ್ಲಿಟ್ಟು ಕೀಲಿ ಹಾಕುವುದು ರೂಢಿ. ಆಮೇಲೆ ಅದನ್ನು ಮುಟ್ಟುವವನು ದೂಳು ಒರೆಸುವ ಸಿಪಾಯಿ ಮಾತ್ರ. ಅದಕ್ಕೇ ಸಂಕೇತ ಹಿಡಿಯುವ ತರಬೇತಿಯೊಂದಕ್ಕೆ ಹಣ ಕೇಳುವಾಗ ಮೇಡಂ, "ವಿದ್ಯಾರ್ಥಿಗಳು ಮುರಿಯುವ, ಸುಡುವ ಸಾಮಾನಿಗೆ" ಎಂದೇ ಬರೆದರು. ಪ್ರಾಚಾರ್ಯರು ಹಣೆ ಹಿಡಿದುಕೊಂಡರು. ಮೇಲಿನವರು ಅರ್ಜಿ ವಾಪಸ್ ಕಳಿಸಿದರು.

ಉಳಿದವರು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಮಾರುವ ಸಾವಕಾರರು. ಅವರು ಕೊಡಲು ತಯಾರಿದ್ದರು, ಆದರೆ ದೊಡ್ಡದೊಂದು ದೂರದರ್ಶಕಕ್ಕೆ. ಅದರ ಬುಡದಲ್ಲಿ ಅವರ ತಂದೆಯ ಹೆಸರು. "ನಿಮ್ಮ ವೈರು, ಪೈಪು ನಾಳೆ ಮುರೀತಾವ. ಆಮ್ಯಾಲ ಮಂದಿಗಿ ಏನು ತೋರಸ್ಲಿ ಮೇಡಂ?" ಎಂದರು. ಅವರು ಒಪ್ಪದಿದ್ದರೆ ತರಬೇತಿಯಿಲ್ಲ. ನಾವೂ ಕಪಾಟು ನೋಡಿಯೇ ಪದವಿ ಪಡೆಯಬೇಕು.

"ಬರ್ರಿ, ನಾವ ಹೋಗಿ ತೋರಸೋಣು" ಎಂದು ಮೇಡಂ ನಮ್ಮ ನಾಲ್ವರನ್ನು ಕರೆದುಕೊಂಡು ಬಸ್ಸಿನಲ್ಲಿ ಸಾವಕಾರರ ಕಲ್ಲಿನ ಅಂಗಳಕ್ಕೆ ಹೊರಟರು. ನೀರಿನ ಪೈಪಿಗೆ ಉಕ್ಕಿನ ಅಳತೆ ಟೇಪಿನ ತುಂಡುಗಳನ್ನು ಕಟ್ಟಿ ನಾವೇ ಮಾಡಿದ ಆಂಟೆನಾ ನನ್ನ ಕೈಯಲ್ಲಿತ್ತು. ಹವಾಮಾನ ಉಪಗ್ರಹವೊಂದು ಆ ಬೆಳಿಗ್ಗೆ ನಮ್ಮ ತಲೆಯ ಮೇಲೆ ಹಾಯುವುದಿತ್ತು. ಅದರ ಸಂಕೇತ ಗಡಿಯಾರದಂತೆ ಟಿಕ್‌ಟಿಕ್ ಎನ್ನುತ್ತದೆ.

ಹೊತ್ತಾಯಿತು. ಆಂಟೆನಾಕ್ಕೆ ಜೋಡಿಸಿದ ಲ್ಯಾಪ್‌ಟಾಪಿನಿಂದ ಬರೀ ಸುಂಯ್ ಎಂಬ ಸಪ್ಪಳ. ಬಸ್ಸಿನ ಕುಲುಕಾಟಕ್ಕೆ ಬೆಸುಗೆ ಬಿಟ್ಟಿತ್ತು. ಸಾವಕಾರರು ಕೈಗಡಿಯಾರ ನೋಡಿಕೊಂಡರು. ಸಹಪಾಠಿಯೊಬ್ಬಳು ನನ್ನ ಪಕ್ಕೆ ತಿವಿದು, "ಲೇ, ನಿನ್ನ ಬಾಯಿಲಿಂದ ಟಿಕ್‌ಟಿಕ್ ಹೊಡಿ. ಯಾರಿಗಿ ಗೊತ್ತಾಗ್ತದ?" ಎಂದಳು. ನನಗೂ ಅದೇ ಹೊಳೆದಿತ್ತು. ಲ್ಯಾಪ್‌ಟಾಪಿನ ಹಿಂದೆ ಬಗ್ಗಿ ನಾಲಿಗೆ ಎತ್ತಿದೆ. ಮೇಡಂ ಬೆರಳು ತಿರುಗಿತು.

"ಬಾಯಿ ಮುಚ್ಚು. ಸುಳ್ಳ ಸಪ್ಪಳ ಮಾಡಿ ರೊಕ್ಕ ಒಯ್ಯಾಕ ಬಂದಿಲ್ಲ ನಾವು." ಆಮೇಲೆ ಸಾವಕಾರರಿಗೆ, "ಸಂಕೇತ ಬಂದಿಲ್ರಿ. ಮುರದದ. ಹುಡುಗರು ಈಗ ಕೂಡಸ್ತಾರ. ಉಪಗ್ರಹ ಒಂದು ಸುತ್ತು ಹಾಕಿ ಮತ್ತ ಬರ್ತದ, ಕುಂದ್ರಿ" ಎಂದು ತಾವು ಪರ್ಸಿಯ ರಾಶಿಯ ಮೇಲೆ ಕುಳಿತೇಬಿಟ್ಟರು.

ತಮ್ಮ ಅಂಗಳದಲ್ಲಿ ತಮಗೇ ಕೂರಲು ಹೇಳಿದವರು ಸಾವಕಾರರಿಗೆ ಅಲ್ಲಿಯವರೆಗೆ ಸಿಕ್ಕಿರಲಿಕ್ಕಿಲ್ಲ. ಕುಳಿತರು. ನಾವು ಬಿಚ್ಚಿದೆವು, ಬೆಸೆದೆವು, ಕೈ ಸುಟ್ಟುಕೊಂಡೆವು, ಒಬ್ಬರನ್ನೊಬ್ಬರು ಬೈದೆವು. ಸ್ವಲ್ಪ ಹೊತ್ತಿಗೆ ನೋಡಿದರೆ ಸಾವಕಾರರೇ ಪೈಪು ಅಲುಗದಂತೆ ಹಿಡಿದಿದ್ದರು! ಎರಡನೆಯ ಸುತ್ತಿಗೆ ಪಶ್ಚಿಮದಿಂದ ಸಣ್ಣಗೆ ಟಿಕ್‌ಟಿಕ್ ಬಂತು. ಆ ಸಪ್ಪಳವೇ ಚಿತ್ರವಾಗಿ ಪರದೆಯ ಮೇಲೆ ಮಸುಕು ಮೋಡ ಮೂಡಿತು.

ಸಾವಕಾರರ ಕಣ್ಣು ಮೋಡದ ಮೇಲಿರಲಿಲ್ಲ, ನಮ್ಮ ಕೈಗಳ ಮೇಲಿತ್ತು. "ನಮ್ಮಲ್ಲಿ ಕೆಲಸಕ್ಕ ಹೊಸದಾಗಿ ಬಂದವರು ಎಷ್ಟು ಪರ್ಸಿ ಒಡೀತಾರ್ರಿ! ಒಡೀಲಿ ಅಂತ ಬಿಟ್ಟೀನಿ, ಕಲ್ತಾರ. ಕೊಡ್ತೀನಿ ಮೇಡಂ. ಇವರೂ ಮುರೀಲಿ" ಎಂದರು.

ತರಬೇತಿ ಶುರುವಾಯಿತು. ಮೇಡಂ ನಿವೃತ್ತರಾಗಿ ಚಿತ್ತಾಪುರಕ್ಕೆ ಹೋದರು. ಹೋದ ವರ್ಷ ತೀರಿಕೊಂಡರು. ಈಗ ಆ ತರಬೇತಿ ಕೊಡುವವರಲ್ಲಿ ನಾನೂ ಒಬ್ಬ. ಅಣಕಿಸುತ್ತಿದ್ದವನೇ ಪಾಠ ಹೇಳುವಷ್ಟು ಕಾಲ ಕೆಟ್ಟಿದೆ. ಮೊನ್ನೆ ಹೊಸದಾಗಿ ಅನುದಾನ ಕೊಡುವವರು ನೋಡಲು ಬಂದ ದಿನವೇ ಏನೂ ಕೇಳಿಸಲಿಲ್ಲ. ಹಿಂದೊಮ್ಮೆ ಹಿಡಿದ ಸಂಕೇತ ಕಂಪ್ಯೂಟರಿನಲ್ಲೇ ಇತ್ತು, ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು.

"ಇವತ್ತು ಸಿಕ್ಕಿಲ್ರೀ ಸರ್," ಎಂದೆ. "ಯಾಕ ಅಂತ ಹುಡುಕಾಕತ್ತೀವಿ."

ವಿದ್ಯಾರ್ಥಿನಿಯೊಬ್ಬಳು ಆಗಲೇ ಆಂಟೆನಾ ಬಿಚ್ಚತೊಡಗಿದ್ದಳು.