ಕೊಸರಿಗೆ ಕೊಟ್ಟ ಅಜ್ಜಿ

ಕೊಸರು ಕೇಳದೆ ನಾನು ಈವರೆಗೆ ಏನನ್ನೂ ಕೊಂಡವಳಲ್ಲ. ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಸೊಪ್ಪಿನವಳ ಹತ್ತಿರ ಒಂದಿಷ್ಟು ಕೊತ್ತಂಬರಿ, ಹೂವಿನವಳ ಹತ್ತಿರ ಮೊಳ ಹಾಕಿದ ಮೇಲೆ ಇನ್ನೊಂದು ಗೇಣು. ನಮ್ಮ ತಾಂಡೂರಿನಲ್ಲಿ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ದರ ಇಳಿಸುವಾಗ ಉರ್ದು. ಆದರೆ ಕೊಸರು ಕೇಳಲು ಯಾವ ಭಾಷೆಯೂ ಬೇಕಿಲ್ಲ. ದುಡ್ಡು ಕೊಟ್ಟಾದ ಮೇಲೂ ಚೀಲದ ಬಾಯಿ ಮುಚ್ಚದೆ ಸುಮ್ಮನೆ ನಿಂತರೆ ಸಾಕು, ಅಂಗಡಿಯವನಿಗೆ ತಿಳಿಯುತ್ತದೆ.

ಸೇರು, ಪಾವು ಹೋಗಿ ಅಂಕಿ ಮಿನುಗುವ ತಕ್ಕಡಿ ಬಂದಾಗ ಕೊಸರಿನ ಕಾಲ ಮುಗಿಯಿತೆಂದು ನಾನು ಹೆದರಿದ್ದೆ. ಏನೂ ಆಗಲಿಲ್ಲ. ಅಂಕಿ ಸರಿಯಾಗಿ ನಿಂತ ಮೇಲೆ ಅಂಗಡಿಯವನು ಒಂದು ಹಿಡಿ ಮೇಲೆ ಹಾಕುತ್ತಾನೆ, ಅಂಕಿ ಬದಲಾಗುತ್ತದೆ, ಆಗ ಅವನೂ ಅತ್ತ ನೋಡುವುದಿಲ್ಲ, ನಾವೂ ನೋಡುವುದಿಲ್ಲ. ನನ್ನ ತವರು ನಾರಾಯಣಖೇಡದಲ್ಲಿ ಬಳೆಗಾರ್ತಿ ಎರಡೂ ಕೈ ತುಂಬಿಸಿದ ಮೇಲೆ ತನ್ನದೊಂದು ಬಳೆ ಹೆಚ್ಚಿಗೆ ಏರಿಸುತ್ತಿದ್ದಳು. ಅದಕ್ಕೆ ದುಡ್ಡು ಕೊಡಹೋದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಪಂಡಿತರು ವ್ಯಾಪಾರವನ್ನು ಕೊಡು-ಕೊಳ್ಳು ಎನ್ನುತ್ತಾರೆ. ನನ್ನನ್ನು ಕೇಳಿದರೆ ಅವೆರಡೂ ಮುಗಿದ ಮೇಲಿನ ಈ ಹಿಡಿಯಿಂದಲೇ ಗಿರಾಕಿ ಮತ್ತೆ ಅದೇ ಅಂಗಡಿಗೆ ಬರುವುದು.

ಈ ಕೊಸರಿಗೆ ಒಂದು ಮರ್ಯಾದೆಯೂ ಇದೆ. ಬದನೆಕಾಯಿಯನ್ನು ತಿರುಗಿಸಿ, ಒತ್ತಿ, ಮೂಸಿ ಆರಿಸುವ ಹೆಂಗಸು ಕೊಸರಿಗೆ ಬಿದ್ದ ಮೆಣಸಿನಕಾಯಿಯನ್ನು ಮಾತ್ರ ನೋಡದೆ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಕೊಸರನ್ನು ಪರೀಕ್ಷೆ ಮಾಡುವುದು ನಮ್ಮಲ್ಲಿ ಇಲ್ಲ. ಈ ಮರ್ಯಾದೆಯಿಂದಲೇ ನಮ್ಮ ಮನೆಯಲ್ಲಿ ಒಂದು ಸಾವಾಯಿತು.

ನಮ್ಮ ಮನೆ ಗಂಡಸರು ನೆಲಕ್ಕೆ ಹಾಸುವ ಫರಶಿ ಕಲ್ಲಿನ ವ್ಯಾಪಾರದವರು. ನಾನು ಮತ್ತು ನನ್ನ ಮೈದುನನ ಹೆಂಡತಿ ಕಸ್ತೂರಿ ಸೇರಿ ತೊಗರಿ ಬೇಳೆಯನ್ನು ಆನ್‌ಲೈನಿನಲ್ಲಿ ಮಾರಲು ಶುರು ಮಾಡಿದೆವು. ಕಸ್ತೂರಿ ಝರಾಸಂಗಂ ಕಡೆಯವಳು, ಚುರುಕು. ಬೇಳೆ ಹಸನು ಮಾಡುವುದರ ಉಸ್ತುವಾರಿ ನಮ್ಮ ಅತ್ತೆಯವರದು. ಎಂಬತ್ತು ದಾಟಿದರೂ ಮೊರ ಅವರ ಕೈಯಲ್ಲಿದ್ದರೆ ಒಂದು ಹರಳು ತಪ್ಪಿಸಿಕೊಳ್ಳುವುದಿಲ್ಲ. ತಾಂಡೂರಿನ ತೊಗರಿಗೆ ಹೆಸರಿದೆ, ಆದರೆ ಫೋನಿನ ಪರದೆಯ ಮೇಲೆ ಎಲ್ಲ ಬೇಳೆಯೂ ಹಳದಿಯೇ. ವ್ಯಾಪಾರ ಕುಂಟುತ್ತಿತ್ತು.

ಕೊಸರು ಕೊಟ್ಟು ನೋಡೋಣವೆಂದು ನಾನೇ ಪ್ರತಿ ಪ್ಯಾಕೆಟ್ಟಿಗೂ ಒಂದು ಹಿಡಿ ಹೆಚ್ಚಿಗೆ ಹಾಕಿದೆ. ಮುಚ್ಚಿದ ಪ್ಯಾಕೆಟ್ಟಿನೊಳಗಿನ ಕೊಸರು ಯಾರ ಕಣ್ಣಿಗೂ ಬೀಳಲಿಲ್ಲ. ಕಡೆಗೆ ಒಬ್ಬ ಪುಣ್ಯಾತ್ಮ ತೂಗಿ ನೋಡಿ, ಲೇಬಲ್ಲಿಗೂ ತೂಕಕ್ಕೂ ತಾಳೆಯಿಲ್ಲ ಎಂದು ದೂರು ಬರೆದ. ಹೆಚ್ಚು ಕೊಟ್ಟು ಬೈಸಿಕೊಂಡವಳು ಈ ಬಜಾರಿನಲ್ಲಿ ನಾನೊಬ್ಬಳೇ ಇರಬೇಕು.

ಅಷ್ಟರಲ್ಲಿ ಕಸ್ತೂರಿ ಆನ್‌ಲೈನ್ ವ್ಯಾಪಾರ ಕಲಿಸುವ ಒಂದು ಕ್ಲಾಸಿಗೆ ಸೇರಿದಳು. ಹೈದರಾಬಾದಿನಲ್ಲಿ ಕೂತು ಫೋನಿನಲ್ಲೇ ಪಾಠ ಹೇಳುವ ಆ ಮಾಸ್ತರರ ಮಂತ್ರ ಒಂದೇ: ಬೋನಸ್. ಸಾಮಾನಿನ ಜೊತೆ ಓದುವುದಕ್ಕೆ ಏನಾದರೂ ಪುಕ್ಕಟೆ ಕೊಡಿ, ಅದನ್ನು ಕೊಳ್ಳುವ ಮೊದಲೇ ದೊಡ್ಡ ಅಕ್ಷರದಲ್ಲಿ ತೋರಿಸಿ, ಬರೆಯುವ ಕೆಲಸ ಎಐಗೆ ಬಿಡಿ.

"ಅಕ್ಕಾ, ಇದು ನಮ್ಮ ಕೊಸರೇ ನೋಡ್ರಿ," ಎಂದಳು ಕಸ್ತೂರಿ. "ನಾವು ಒಂದು ಹಿಡಿ ಕೊಟ್ರ ತೂಕ ಹೆಚ್ಚಾಗ್ತದ. ಇದಕ್ಕ ತೂಕನೇ ಇಲ್ಲ."

ಚಹಾ ಕುದಿಯುವಷ್ಟರಲ್ಲಿ ಎಐ ಬಣ್ಣಬಣ್ಣದ ಒಂದು ಅಡುಗೆ ಪುಸ್ತಕ ಮಾಡಿ ಮುಂದಿಟ್ಟಿತು. ಬೇಳೆ ಕೊಂಡವರ ಫೋನಿಗೆ ಅದು ತಾನೇ ಹೋಗುತ್ತದೆ, ಮೊದಲ ಕೆಲವು ಪುಟ ಕೊಳ್ಳುವ ಮೊದಲೇ ಓದಲು ಸಿಗುತ್ತವೆ. ನಾನು ಮುಖಪುಟ ನೋಡಿ, ಚೆನ್ನಾಗಿದೆ ಬಿಡು ಎಂದೆ. ಒಳಗೆ ಓದಲಿಲ್ಲ. ಅವಳೂ ಓದಲಿಲ್ಲ. ಬೇಳೆಯ ಒಂದೊಂದು ಕಾಳನ್ನೂ ಬೆಳಕಿಗೆ ಹಿಡಿದು ನೋಡುವ ಮನೆಯಿದು, ಆದರೆ ಪುಸ್ತಕ ಕೊಸರಲ್ಲವೇ, ಅದನ್ನೇನು ನೋಡುವುದು?

ಆರ್ಡರು ಬರತೊಡಗಿದವು. ಬೇಳೆ ಮುಗಿದು ಕೊಡಂಗಲ್ ಕಡೆಯ ರೈತರಿಂದಲೂ ತೊಗರಿ ತರಿಸಿದೆವು. ಗಿರಾಕಿಗಳು ಕಳಿಸುವ ಸಂದೇಶಗಳಲ್ಲಿ ಕೈಮುಗಿದ ಚಿತ್ರ, ಅಳುವ ಮುಖ, ಹೂವು ಇರುತ್ತಿದ್ದವು. ಬೇಳೆ ಅಷ್ಟು ರುಚಿಯಾಗಿದೆ ಎಂದುಕೊಂಡು ನಾನು ಬೀಗಿದ್ದೂ ಬೀಗಿದ್ದೇ.

ಒಂದು ದಿನ ಅಂಗಳದಲ್ಲಿ ಬೇಳೆ ಹಸನು ಮಾಡುತ್ತ ಕೂತಿದ್ದೆವು. ಫೋನು ಬಂತು. ಕೈಗೆಲ್ಲ ಬೇಳೆಯ ಹುಡಿ, ಹಾಗಾಗಿ ಸ್ಪೀಕರಿಗೆ ಹಾಕಿದೆ.

"ತಾಂಡೂರು ಬೇಳೆಯವರಾ? ನಾನು ಮೈಸೂರಿನಿಂದ ಮಾತಾಡ್ತಿರೋದು. ಮೊದಲು ಒಂದು ಮಾತು ಹೇಳಿಬಿಡ್ತೀನಿ. ನಿಮ್ಮ ಮನೆ ಅಜ್ಜಿಯವರ ವಿಷಯ ಪುಸ್ತಕದಲ್ಲಿ ಓದಿ ತುಂಬಾ ಸಂಕಟ ಆಯ್ತು. ಅಂಥವರು ಇನ್ನು ಸಿಗಲ್ಲ ಬಿಡಿ."

ಅತ್ತೆಯವರ ಕೈಯಲ್ಲಿ ಮೊರ ನಿಂತಿತು. "ಯಾರ್ ಹೋದ್ರು?" ಎಂದು ನನ್ನನ್ನು ಕೇಳಿದರು.

"ನೀವಂತರಿ ಅತ್ತಿ," ಎಂದೆ.

"ಯಾವಾಗ?"

ಅತ್ತ ಮೈಸೂರಿನ ಹೆಣ್ಣುಮಗಳಿಗೆ ಗಾಬರಿ. ಯಾರಮ್ಮ ಮಾತಾಡ್ತಿರೋದು ಎಂದಳು. ಅತ್ತೆಯವರು ಫೋನಿನ ಕಡೆ ಬಾಗಿದರು. "ನಾನೇರಿ, ಹೋದಾಕಿ."

ಮೈಸೂರಿನಾಕೆ ಅಯ್ಯೋ, ಕ್ಷಮಿಸಿ ಎಂದಳು. ಆಮೇಲೆ ಆಕೆ, ಮೊದಲೇ ಕೇಳಬೇಕೆಂದಿದ್ದುದನ್ನು ಮೆಲ್ಲಗೆ ಕೇಳಿದಳು: ರಾತ್ರಿಯಿಡೀ ನೆನೆಸಿದ ಬೇಳೆ ಬೇಯಿಸಿದರೆ ಅಂಟಂಟಾಗಿ ಹೋಯಿತಲ್ಲ, ಏನು ಮಾಡುವುದು?

"ತಾಂಡೂರು ಬ್ಯಾಳಿ ನೆನಸಾಕ ಯಾರ್ ಹೇಳ್ಯಾರ್ ನಿಮಗ?"

"ನೀವೇ ಅಮ್ಮ. ಹೋಗೋಕೆ ಮುಂಚೆ."

"ಹಂಗಾರ ಹೋದಾಕಿಗೆ ಅಡಿಗಿ ಬರ್ತಿದ್ದಿಲ್ಲ ಬಿಡ್ರಿ."

ಆಕೆ ಕೇಳಿದಳು: "ಹಾಗಾದ್ರೆ ಪುಸ್ತಕದಲ್ಲಿರೋದೆಲ್ಲ ಸುಳ್ಳಾ?" ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಮನಸ್ಸಿಗೆ ನೋವಾದದ್ದು ತಿಳಿಯುತ್ತಿತ್ತು. ಅತ್ತೆಯವರು ಅಂದರು, "ಬ್ಯಾಳಿ ಖರೆ ಅದರಿ. ನಾನೂ ಖರೆ ಅದೀನಿ. ಉಳಿದದ್ದು ನಮ್ಮ ಸೊಸೆಂದಿರಿಗೆ ಕೇಳ್ರಿ."

ಫೋನಿಟ್ಟ ಮೇಲೆ ಪುಸ್ತಕ ಓದಿದೆವು. ಮೊದಲ ಪುಟದಲ್ಲೇ ಇತ್ತು: ಹಣತೆಯ ಮಂದ ಬೆಳಕಿನಲ್ಲಿ, ಮಣ್ಣಿನ ಗಡಿಗೆಯಲ್ಲಿ ಪ್ರೀತಿಯನ್ನೇ ಬೇಯಿಸುತ್ತಿದ್ದ ನಮ್ಮ ಅಜ್ಜಿ ಇಂದು ಆಕಾಶದ ನಕ್ಷತ್ರವಾಗಿದ್ದಾರೆ, ಕೊನೆಯುಸಿರಿನಲ್ಲಿ ಅವರು ನಮ್ಮ ಕಿವಿಯಲ್ಲಿ ಹೇಳಿದ ಗುಟ್ಟುಗಳು ಈ ಪುಟಗಳಲ್ಲಿವೆ. ಕಸ್ತೂರಿಯ ಮುಖ ಬಿಳಿಚಿತು. ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ. ಅತ್ತೆಯವರು ಮಾತ್ರ, ಮುಂದ ಓದು, ಮುಂದ ಓದು ಎನ್ನುತ್ತ ಹುಳಿಸೊಪ್ಪಿನ ನಮ್ಮ ಪುಂಡಿಪಲ್ಯದ ಪುಟದವರೆಗೂ ಬಂದರು. ಹಸಿ ತೆಂಗಿನ ತುರಿ ಸೇರಿಸಿ ಎಂದಿತ್ತು ಅಲ್ಲಿ.

"ಸತ್ತದ್ದು ಇರ್ಲಿ," ಎಂದರು. "ನಾ ಪುಂಡಿಪಲ್ಯಕ್ಕ ತೆಂಗಿನಕಾಯಿ ಹಾಕ್ತಿದ್ನಂತ ಬರ್ದದಲ್ಲ, ಅದಕ್ಕೇನ್ ಮಾಡ್ತೀರಿ ಹೇಳ್ರಿ."

ಎಐಗೆ ಏನು ಹೇಳಿದ್ದೆ ಎಂದು ಕಸ್ತೂರಿಯನ್ನು ಕೇಳಿದೆ. "ಅಕ್ಕಾ, ಆಣೆ ಮಾಡಿ ಹೇಳ್ತೀನಿ, ನಾ ಕೊಲ್ಲು ಅಂದಿಲ್ಲ. ಮನ್ಯಾಗ ವಯಸ್ಸಾದ ಅಜ್ಜಿ ಅದಾರ, ಓದಿದವರ ಕಣ್ಣಾಗ ನೀರ್ ಬರಬೇಕು ಅಂದಿದ್ದೆ, ಅಷ್ಟೇ."

ಇದನ್ನು ಕೇಳಿ ನನಗೆ ಎಐ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಕಣ್ಣೀರು ಬೇಕೆಂದವರು ನಾವು. ಅದು ಪಾಪ, ನಮ್ಮ ಮನೆಯಲ್ಲಿ ಹುಡುಕಿ ಹುಡುಕಿ, ಸತ್ತರೆ ಯಾರೂ ಆಶ್ಚರ್ಯಪಡದವರನ್ನು ಆರಿಸಿತು. ಗಂಡಸರನ್ನು ಮುಟ್ಟಲಿಲ್ಲ ನೋಡಿ.

ಕಸ್ತೂರಿ ಮಾಸ್ತರರಿಗೆ ವಿಷಯ ತಿಳಿಸಿದಳು. ಅವರು ತೆಲುಗಿನಲ್ಲಿ ಕಳಿಸಿದ ಉತ್ತರದ ಸಾರಾಂಶ ಹೀಗಿತ್ತು: ಅಡುಗೆಯ ತಪ್ಪು ತಿದ್ದಿಕೊಳ್ಳಿ, ಅಜ್ಜಿಯ ಕಥೆಗೆ ಕೈ ಹಾಕಬೇಡಿ. ಜನ ಕೊಳ್ಳುತ್ತಿರುವುದೇ ಅದನ್ನು. ಅಜ್ಜಿ ಇಲ್ಲ ಅನ್ನುವುದೇ ಈಗ ನಿಮ್ಮ ಬ್ರ್ಯಾಂಡು. ಹೇಗಿದ್ದರೂ ವಯಸ್ಸಾಗಿದೆ.

ಆ ಕೊನೆಯ ಮಾತು ಓದಿ ನನ್ನ ಮೈ ಉರಿದುಹೋಯಿತು. ಹೇಗಿದ್ದರೂ ವಯಸ್ಸಾಗಿದೆ. ಮದುವೆ ಮನೆಗಳಲ್ಲಿ ನಾನು ಈ ಮಾತನ್ನು ಬೇರೆ ಬೇರೆ ವೇಷದಲ್ಲಿ ಕೇಳಿದ್ದೇನೆ. ಅತ್ತೆಯವರು ಎದುರಿಗೇ ಕೂತಿರುತ್ತಾರೆ, ಜನ ಅವರ ತಲೆಯ ಮೇಲಿಂದ ನನ್ನನ್ನು ಕೇಳುತ್ತಾರೆ: ಈಗ ಊಟ ಮಾಡುತ್ತಾರಾ? ಗುರುತು ಸಿಗುತ್ತದಾ? ಎಂಥ ಗಟ್ಟಿ ಹೆಣ್ಣುಮಗಳಿದ್ದರು. ಇದ್ದರು ಅಂತೆ. ಜೀವ ಇರುವಾಗಲೇ ಮಾತಿನಲ್ಲೇ ಮಣ್ಣು ಮಾಡಿ ಮುಗಿಸುವ ಜನ ಊರಲ್ಲೇ ಸಾಕಷ್ಟಿದ್ದಾರೆ. ಆ ಕೆಲಸಕ್ಕೆ ಹೈದರಾಬಾದಿನಿಂದ ಮಾಸ್ತರರು ಬರಬೇಕಾಗಿರಲಿಲ್ಲ. ಸಂಕಟವಾಯಿತು ನನಗೆ. ನನ್ನ ತಲೆಯೂ ಬೆಳ್ಳಗಾಗಿದೆ, ನಾಳೆ ನನ್ನ ಸರದಿ ಎಂಬ ಸ್ವಾರ್ಥವೂ ಅದರಲ್ಲಿತ್ತು ಎಂದು ಇಟ್ಟುಕೊಳ್ಳಿ.

ಕಸ್ತೂರಿಯ ಕಷ್ಟವೂ ಸುಳ್ಳಲ್ಲ. ಅವಳಿಗೆ ಇದು ಮೊದಲ ದುಡಿಮೆ. "ಕಥಿ ತೆಗದ್ರ ಆರ್ಡರ್ ನಿಂತು ಹೋಗ್ತಾವಕ್ಕಾ," ಎಂದಳು. ನಿಲ್ಲಬಹುದು, ನಾನೂ ಬಲ್ಲೆ. ಬೇಳೆ ಮಾರುವುದಕ್ಕಾಗಿ, ಅದನ್ನು ಹಸನು ಮಾಡುತ್ತಿರುವವರನ್ನೇ ಸತ್ತವರನ್ನಾಗಿ ಇಟ್ಟುಕೊಳ್ಳುವುದೋ ಬೇಡವೋ ಎಂಬುದಷ್ಟೇ ಪ್ರಶ್ನೆ.

"ನಿಂತ್ರ ನಿಲ್ಲಲಿ," ಎಂದೆ. "ಮಾರಿದ್ರ ಇವರನ್ನ ಜೀವಂತ ಇಟ್ಟೇ ಮಾರೋಣು. ಇಲ್ಲಾಂದ್ರ ಅಷ್ಟೂ ಬ್ಯಾಳಿ ನಾವೇ ಕುದಿಸಿ ತಿನ್ನೋಣು."

ಬುದ್ಧಿವಂತರು ಇಲ್ಲಿ ನಾನು ಎಐಯನ್ನು ಮನೆಯಿಂದ ಓಡಿಸಿದೆ ಎಂದು ನಿರೀಕ್ಷಿಸುತ್ತಾರೆ. ಓಡಿಸಲಿಲ್ಲ. ಈ ವಯಸ್ಸಿನಲ್ಲಿ ನಿಮಗ್ಯಾಕೆ ಇದೆಲ್ಲ ಎಂದು ಕೇಳುವವರ ಎದುರಿಗೇ ಕೂತು ಉಪಯೋಗಿಸುತ್ತೇನೆ. ಅಜ್ಜಿ ಸತ್ತಿಲ್ಲ, ಬದುಕಿದ್ದಾರೆ ಎಂದು ಕಸ್ತೂರಿ ಅದಕ್ಕೆ ತಿಳಿಸಿದಾಗ ಅದು ಬಹಳ ವಿನಯದಿಂದ ಕ್ಷಮೆ ಕೇಳಿತು. ಕೇಳಿ, ನಡುಗುವ ಕೈಗಳು, ಮಸುಕಾದ ಕಣ್ಣುಗಳು ಎಂದು ಹೊಸದಾಗಿ ಶುರು ಮಾಡಿತು. ಅತ್ತೆಯವರು ಕೈ ಚಾಚಿ ಹಿಡಿದರು. "ಎಲ್ಲಿ ನಡಗ್ತದ ತೋರಸು ಅದಕ್ಕ."

ಕಡೆಗೆ ಹೀಗಾಯಿತು. ಅತ್ತೆಯವರು ಹೇಳುವುದು, ಕಸ್ತೂರಿ ಬರೆದುಕೊಳ್ಳುವುದು, ಅದನ್ನು ತೆಲುಗು, ಹಿಂದಿ, ಮರಾಠಿಗೆ ತಿರುಗಿಸಿ ಅಂದವಾಗಿ ಜೋಡಿಸುವುದು ಎಐ ಕೆಲಸ. ನಾನು ಓದಿ ನೋಡುವವಳು. ಪ್ರತಿ ಸಾಲನ್ನೂ, ಬದನೆಕಾಯಿ ಆರಿಸಿದಂತೆ. ಗಡಿಗೆ ಹೋಗಿ ಕುಕ್ಕರು ಬಂತು. ಬೇಳೆ ಹೋಳಿಗೆಗಾದರೆ ಎಷ್ಟು ಬೇಯಬೇಕು, ಕಟ್ಟಿನ ಸಾರಿನ ಕಟ್ಟನ್ನು ಯಾವಾಗ ಬಸಿಯಬೇಕು, ಎಲ್ಲ ಬಂತು. ಹಣತೆಯನ್ನು ಮಾತ್ರ ಅತ್ತೆಯವರು ಇರಲಿ ಎಂದರು, ಕರೆಂಟು ಹೋಗುವುದು ಸುಳ್ಳಲ್ಲವಲ್ಲ.

ಹೊಸ ಪುಸ್ತಕವನ್ನು ಹಳೆಯ ಗಿರಾಕಿಗಳಿಗೆಲ್ಲ ತಪ್ಪೊಪ್ಪಿಗೆಯ ಜೊತೆ ಕಳಿಸಿದೆವು. ಮೋಸಗಾರರು ಎಂದು ಕೆಲವರು ಬೈದರು, ಬೈಸಿಕೊಂಡೆವು. ಆರ್ಡರು ಇಳಿದವು, ಇನ್ನೂ ಮೊದಲಿನಷ್ಟಾಗಿಲ್ಲ. ಮೈಸೂರಿನ ಹೆಣ್ಣುಮಗಳು ಮಾತ್ರ ಈಗಲೂ ತರಿಸುತ್ತಾಳೆ. ಬೇಳೆ ಮುಗಿಯುವ ಮೊದಲೇ ಫೋನು ಮಾಡಿ ಅಜ್ಜಿಗೆ ಕೊಡಿ ಅನ್ನುತ್ತಾಳೆ.

ನಕ್ಷತ್ರದ ಜಾಗದಲ್ಲಿ, ಮೊದಲ ಪುಟಕ್ಕೆ ಒಂದು ಸಾಲನ್ನು ನಾನೇ ಬರೆದೆ, ಯಾರ ಸಹಾಯವೂ ಇಲ್ಲದೆ: "ಈ ಅಡುಗೆಗಳನ್ನು ಹೇಳಿದವರು ಬದುಕಿದ್ದಾರೆ, ಪುಂಡಿಪಲ್ಯಕ್ಕೆ ತೆಂಗಿನಕಾಯಿ ಹಾಕಿದರೆ ಬೈಯುತ್ತಾರೆ."

ಅತ್ತೆಯವರು ಅದನ್ನು ಮತ್ತೊಮ್ಮೆ ಓದಿಸಿಕೊಂಡರು. ಕಸ್ತೂರಿ ಏನೋ ಹೇಳಲು ಹೋಗಿ ತಡೆದುಕೊಂಡಳು. ಅವಳ ಮನಸ್ಸಿನಲ್ಲಿ ಏನು ಬಂತೆಂದು ನನಗೆ ತಿಳಿಯಿತು. ಒಂದಲ್ಲ ಒಂದು ದಿನ ಆ ಸಾಲನ್ನು ತೆಗೆಯಬೇಕಾಗುತ್ತದಲ್ಲ ಎಂದು. ನಾವಿಬ್ಬರೂ ಬೇಳೆಯ ಕಡೆ ನೋಡುತ್ತ ಕೂತೆವು.

ಅತ್ತೆಯವರಿಗೂ ತಿಳಿದಿತ್ತು. "ಆವಾಗ ಬದಲ್ ಮಾಡ್ರಿ," ಎಂದು ಮೊರ ಎತ್ತಿಕೊಂಡರು. "ಅದಕ್ಕೇನು, ಯಂತ್ರಕ್ಕ ಹೇಳಿದ್ರ ಗಳಿಗ್ಯಾಗ ಮಾಡ್ತದ. ಅಲ್ಲೀತನ ನೀವ್ಯಾರೂ ಅವಸರ ಮಾಡಬ್ಯಾಡ್ರಿ, ನನಗೂ ಇಲ್ಲ."