ಫ್ಯಾನಿಗೆ ಕಿವಿಗೊಡುವ ಗಿರಾಕಿ

ಶನಿವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ದೋನ್ ಎವರಿಸ್ಟೊ ನನ್ನ ಮಳಿಗೆಯ ಎದುರಿನ ಅಂಗಡಿಯ ಗಾಜಿನ ಮೇಜಿಗೆ ಬಾಗಿ, ತಿರುಗುತ್ತಿದ್ದ ಪುಟ್ಟ ಕಂಪ್ಯೂಟರ್ ಫ್ಯಾನೊಂದಕ್ಕೆ ಕಿವಿಗೊಟ್ಟಿದ್ದರು. ಲಿಮಾದ ಈ ಕಂಪ್ಯೂಟರ್ ಮಳಿಗೆಗಳಲ್ಲಿ ಗಿರಾಕಿಗಳು ಅಂಗಡಿಯಿಂದ ಅಂಗಡಿಗೆ ದರಪಟ್ಟಿ ಬರೆಸಿಕೊಂಡು ಅಲೆಯುತ್ತಾರೆ. ಇವರ ಬಳಿ ಅಂಥವುಗಳ ಒಂದು ಕಟ್ಟೇ ಇದೆ, ಕೊಂಡದ್ದು ಏನೂ ಇಲ್ಲ. ಆಟಕ್ಕೆಂದು ಅತ್ಯಂತ ಬಲವಾದ ಗ್ರಾಫಿಕ್ಸ್ ಕಾರ್ಡ್ ಕೇಳುತ್ತಾರೆ, ತೋರಿಸಿದರೆ ಅದರ ಫ್ಯಾನಿಗೆ ಕಿವಿಗೊಟ್ಟು "ಇದು ಜಾಸ್ತಿ ಏದುಸಿರು ಬಿಡುತ್ತೆ" ಎಂದು ಹಿಂದಕ್ಕೆ ತಳ್ಳುತ್ತಾರೆ. ಸುತ್ತ ಹತ್ತು ಅಂಗಡಿಗಳಲ್ಲಿ ಕುಂಬಿಯಾ ಹಾಡು ಮೊಳಗುವಾಗ ಇವರಿಗೆ ಏನು ಕೇಳಿಸುತ್ತದೋ ನನಗಂತೂ ತಿಳಿಯದು. "ಕಸೆರಿತೊ, ನಿಮಗೆ ಬೇಕಿರೋದು ಆಟದ ಮಿಷನ್ನಾ, ತೊಟ್ಲಾ?" ಎಂದು ಆ ಅಂಗಡಿಯ ಯೆಸೆನಿಯಾ, ಖಾಯಂ ಗಿರಾಕಿಯನ್ನು ಕರೆಯುವ ಸಲುಗೆಯಲ್ಲಿ, ಕೆಣಕುತ್ತಾಳೆ. "ಹಾಡು ನಿಲ್ಸಮ್ಮ" ಎನ್ನುತ್ತಾರೆ, ಯಾರೂ ನಿಲ್ಲಿಸುವುದಿಲ್ಲ. ಆ ದಿನ ಅವಳು ತಾಳ್ಮೆಗೆಟ್ಟು, "ಸದ್ದು ಎಷ್ಟು ಮೆತ್ತಗಿರ್ಬೇಕು, ಒಂದು ಲೆಕ್ಕ ಹೇಳಿಬಿಡಿ" ಎಂದಳು. ಅವರು ಪಟ್ಟಿಗಳನ್ನು ಮಡಚುತ್ತಾ ಹೇಳಿದರು: "ನಮ್ದು ಒಂದೇ ಕೋಣೆ. ಹೆಂಡ್ತಿಗೆ ಉಬ್ಬಸ. ನಾನು ಆಡ್ತಿರುವಾಗ ಮಲಗಿರೋಳಿಗೆ ಉಸಿರು ಕಟ್ಟಿದ್ರೆ ನನಗೆ ಗೊತ್ತಾಗ್ಬೇಕಲ್ಲಮ್ಮ. ಅವಳ ಉಸಿರಾಟದ ಸದ್ದನ್ನ ಫೋನಲ್ಲಿ ಅಳೆದಿದೀನಿ, ಫ್ಯಾನು ಅದಕ್ಕಿಂತ ಮೆತ್ತಗಿರ್ಬೇಕು." ಯೆಸೆನಿಯಾ ಕೈ ಚಾಚಿ ತನ್ನ ಅಂಗಡಿಯ ಹಾಡನ್ನು ನಿಲ್ಲಿಸಿದಳು. ಆಗ ಅವರು ಹೇಳಿದರು: "ಇಪ್ಪತ್ತಾರು ಡೆಸಿಬೆಲ್."